ಅಪ್ಪನ ಎಡೆಗೆ ಮೇಸ್ತ್ರಿಯ ರೊಟ್ಟಿ

ರಾಯದುರ್ಗದ ಸಂತೆಯಲ್ಲಿ ಪುಂಡಿಸೊಪ್ಪಿನ ರಾಶಿ ಕಂಡರೆ ನನಗೆ ಇವತ್ತಿಗೂ ಯಾರ ಜೊತೆಗಾದರೂ ಜಗಳಕ್ಕೆ ನಿಲ್ಲಬೇಕು ಅನ್ನಿಸುತ್ತದೆ. ಸೊಪ್ಪಿನವಳದೇನೂ ತಪ್ಪಿಲ್ಲ, ಪಾಪ. ಮೊನ್ನೆಯೂ ಹಾಗೇ ಆಯಿತು. ಕೆಂಪು ದಂಟಿನ ಎಳೆಸೊಪ್ಪು ನೋಡಿ ಎರಡು ಕಟ್ಟು ಕೊಂಡೆ. ಮನೆಗೆ ತಂದು ಬಿಡಿಸಿ ಕುದಿಯಲು ಇಟ್ಟೆ. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಆ ವರ್ಷದ ಮಳೆಗಾಲ ಪೂರ್ತಿ ಅಡುಗೆಮನೆಗೆ ಬಂದು ಕೂತಿತು. ನಮ್ಮವ್ವ ಎರಡನೇ ಮದುವೆಯಾದ ಮಳೆಗಾಲ ಅದು. ಹೌದು, ನಮ್ಮವ್ವ. ಎರಡನೇ ಮದುವೆ. ಇದನ್ನು ಓದುವವರಲ್ಲಿ ಯಾರದಾದರೂ ಹುಬ್ಬು ಮೇಲೇರಿದ್ದರೆ ಈಗಲೇ ಇಳಿಸಿಕೊಳ್ಳಿ. ಆ ಕೆಲಸವನ್ನು ನಮ್ಮ ಓಣಿಯವರು ಆಗಲೇ ಮಾಡಿ ಮುಗಿಸಿದ್ದಾರೆ.

ನಮ್ಮ ಮನೆ ಕೋಟೆ ಗುಡ್ಡದ ಬುಡದಲ್ಲಿ. ಓಣಿಯಲ್ಲಿ ಬೆಳಗಿನಿಂದ ಸಂಜೆತನಕ ಹೊಲಿಗೆ ಮಿಷನ್ನಿನ ಸದ್ದು. ಎಲ್ಲರೂ ಜೀನ್ಸ್ ಪ್ಯಾಂಟು ಹೊಲಿಯುವವರೇ. ಅಪ್ಪ ಹೊನ್ನೂರಪ್ಪ ಬಟ್ಟೆ ಕತ್ತರಿಸುವ ಮಾಸ್ತರ. ಅವ್ವ ಗಂಗಮ್ಮ ಮತ್ತು ನಾನು ಮನೆಯಲ್ಲೇ ಕೂತು ಜೇಬು, ಝಿಪ್ಪು ಕೂರಿಸುತ್ತಿದ್ದೆವು. ಅಣ್ಣ ಪಂಪಾಪತಿಗೆ ಬಸ್ ಸ್ಟ್ಯಾಂಡಿನ ಹತ್ತಿರ ಪ್ಯಾಂಟಿನ ಅಂಗಡಿ; ಅವನು, ಅತ್ತಿಗೆ ನೀಲಾ, ಎಲ್ಲ ಒಂದೇ ಮನೆ. ಅಪ್ಪ ಒಂದು ಮಧ್ಯಾಹ್ನ ಎದೆ ಉರಿ ಅಂತ ಮಲಗಿದವನು ಏಳಲೇ ಇಲ್ಲ. ಅವ್ವ ಅತ್ತಳು, ದಿನಕರ್ಮ ಮುಗಿಸಿದಳು, ಮತ್ತೆ ಮಿಷನ್ನಿಗೆ ಕೂತಳು. ಬೆರಳ ಸಂದಿಗೆ ಜೀನ್ಸಿನ ನೀಲಿ ಬಣ್ಣ ಮೊದಲಿನ ಹಾಗೇ ಹತ್ತಿತು. ನಗು ಮಾತ್ರ ವಾಪಸ್ ಬರಲಿಲ್ಲ. ಆಮೇಲೆ ವರ್ಷಗಟ್ಟಲೆ ಆಕೆಯ ದನಿ ಮನೆಯಲ್ಲಿ ಕೇಳಿದ್ದು ‘ಉಣ್ಣಾಕ ಬರ್ರಿ’ ಅನ್ನುವುದಕ್ಕೆ ಮಾತ್ರ.

ಆ ವರ್ಷ ಯುಗಾದಿ ಕಳೆದ ಮೇಲೆ ಅವ್ವನ ಮಿಷನ್ನು ಕೆಟ್ಟು ನಿಂತಿತು. ರಿಪೇರಿಗೆ ಬಂದವರು ಹನುಮಂತರಾಯಪ್ಪ. ಮಡಕಶಿರದವರು, ಊರೂರು ತಿರುಗಿ ಹೊಲಿಗೆ ಮಿಷನ್ನು ಸರಿಮಾಡುವ ಮೇಸ್ತ್ರಿ. ಹೆಂಡತಿ ಲಕ್ಕಮ್ಮ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಕೆಲಸ ಮುಗಿಯುವ ಹೊತ್ತಿಗೆ ಮಧ್ಯಾಹ್ನವಾಗಿತ್ತು, ಅವ್ವ ಊಟಕ್ಕೆ ಕೂರಿಸಿದಳು. ಜೋಳದ ರೊಟ್ಟಿ, ಪುಂಡಿಪಲ್ಯ, ಬೇಳೆಸಾರು, ಹಸಿ ಈರುಳ್ಳಿ. ಮುದ್ದೆ ನುಂಗಿ ಬೆಳೆದ ಮನುಷ್ಯ ಆ ಕಟಕ್ ರೊಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಒಂದು ತುಂಡು ಬಾಯಿಗಿಟ್ಟು, ರೂಢಿಯಂತೆ ಅಗಿಯದೇ ನುಂಗಲು ಹೋಗಿ, ಗಂಟಲಿಗೆ ಸಿಕ್ಕಿಸಿಕೊಂಡು, ಒಂದು ಚೊಂಬು ನೀರು ಕುಡಿದರು. ಆಮೇಲೆ ಏನು ಮಾಡಿದರು ಗೊತ್ತೇ? ರೊಟ್ಟಿಯನ್ನೆಲ್ಲ ಮುರಿದು ಸಾರಲ್ಲಿ ನೆನೆಸಿ, ಹಿಸುಕಿ, ಉಂಡೆ ಕಟ್ಟಿ, ಪುಂಡಿಪಲ್ಯದಲ್ಲಿ ಹೊರಳಿಸಿ ಗುಳುಂ ಅನ್ನಿಸಿದರು.

“ಅಯ್ಯ! ರೊಟ್ಟೀನ ಮುದ್ದಿ ಮಾಡಿಬಿಟ್ರಲ್ರಿ ಮೇಸ್ತ್ರಿ!” ಅಂದಳು ಅವ್ವ.

“ಏನ್ ಮಾಡಾದಮ್ಮ, ನಮ್ಮ ಗಂಟ್ಲಿಗೆ ಗೊತ್ತಿರಾದು ಇದೊಂದೇ ದಾರಿ,” ಅಂದರು ಅವರು, ತುಂಬ ಗಂಭೀರವಾಗಿ.

ಅವ್ವ ನಕ್ಕಳು. ಸೆರಗು ಬಾಯಿಗೆ ಅಡ್ಡ ಹಿಡಿದರೂ ತಡೆಯಲಾಗದೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾನು ಮಿಷನ್ನು ನಿಲ್ಲಿಸಿ ನೋಡುತ್ತಾ ಕೂತೆ. ನನಗೆ ಎಂಥ ಸಂತೋಷವಾಯಿತೆಂದರೆ, ಎದ್ದು ಹೋಗಿ ಆ ಮನುಷ್ಯನಿಗೆ ಇನ್ನೊಂದು ರೊಟ್ಟಿ ನಾನೇ ಹಾಕಿದೆ.

ಆಮೇಲೆ ಅವ್ವನ ಮಿಷನ್ನು ಪದೇ ಪದೇ ಕೆಟ್ಟಿತು. ತಾನಾಗಿ ಕೆಡುತ್ತಿತ್ತೋ, ಯಾರಾದರೂ ಕೆಡಿಸುತ್ತಿದ್ದರೋ ನಾನು ವಿಚಾರಿಸಲಿಲ್ಲ. ಮೇಸ್ತ್ರಿ ಬರುವರು, ಎಣ್ಣೆ ಬಿಡುವರು, ಊಟಕ್ಕೆ ಕೂರುವರು. ಅವ್ವ ಯಾರನ್ನೋ ಕೇಳಿ ರಾಗಿ ಹಿಟ್ಟು ತರಿಸಿ ಮುದ್ದೆ ತೊಳಸಿದಳು. ಅದು ಬರೀ ಗಂಟು. ಮೇಸ್ತ್ರಿ ಒಂದು ಮಾತಾಡದೆ ನುಂಗಿದರು. ಕೈ ತೊಳೆಯುತ್ತಾ, “ನಿಮ್ದು ಊಟ ಆಯ್ತಾ?” ಅಂತ ಅವ್ವನನ್ನು ಕೇಳಿದರು. ಪ್ರತಿ ಸಲವೂ ಅದನ್ನು ಕೇಳಿಯೇ ಹೋಗುತ್ತಿದ್ದರು.

ಮುಂಗಾರಿನ ಮೊದಲ ಮಳೆ ಬಂದು ಗುಡ್ಡದ ಬಂಡೆಗಳೆಲ್ಲ ಕಪ್ಪಾಗಿದ್ದ ದಿನ ಅವ್ವ ನನ್ನ ಹತ್ತಿರ ಬಂದು ಕೂತಳು. “ರೇಣಿ, ಮೇಸ್ತ್ರಿ ಮದುವಿ ಆಗೂಣು ಅಂತ ಕೇಳ್ಯಾರ.”

“ನೀ ಏನಂದಿ?”

“ಮಕ್ಕಳನ್ನ ಕೇಳಿ ಹೇಳ್ತೀನಿ ಅಂದೆ. ನೋಡವ್ವ, ನಿಮ್ಮಪ್ಪ ಹೋದ ಮ್ಯಾಲ ನಾನು ಉಂಡ್ನೋ ಇಲ್ಲೋ ಅಂತ ಈ ಮನ್ಯಾಗ ಯಾರಾನ ಕೇಳಿರೇನು? ಬೈಯಾಕ ಹೇಳ್ತಿಲ್ಲ ನಾನು. ನಿಮ್ಮ ನಿಮ್ಮ ಕೆಲಸ ನಿಮಗ. ಆ ಮನುಷ್ಯ ಕೇಳ್ತಾನ. ನನಗ ಅಷ್ಟ ಸಾಕು.”

“ಹಂಗಾದ್ರ ಆಗು. ಊರು ಬಂದ್ರ ನಾ ನೋಡ್ಕೋತೀನಿ,” ಅಂದೆ. ಅವ್ವ ನನ್ನ ತಲೆ ಸವರಿ ಅಡುಗೆಮನೆಗೆ ಹೋದಳು.

ಅಣ್ಣನಿಗೆ ಹೇಳಬೇಕಾಗಿದ್ದ ದಿನ ಅವ್ವ ಪುಂಡಿಪಲ್ಯ ಮಾಡಿದಳು. ಅವನಿಗೆ ಚಿಕ್ಕಂದಿನಿಂದಲೂ ಅದೇ ಔಷಧಿ. ಜ್ವರ ಬಂದರೂ ಪುಂಡಿಪಲ್ಯ, ಪರೀಕ್ಷೆ ಫೇಲಾದರೂ ಪುಂಡಿಪಲ್ಯ, ಅಪ್ಪನನ್ನು ಮಣ್ಣು ಮಾಡಿ ಬಂದು ಮೂರು ದಿನ ಉಪವಾಸ ಬಿದ್ದವನು ಮೊದಲು ತುತ್ತೆತ್ತಿದ್ದೂ ಅದಕ್ಕೇ. ಸೊಪ್ಪನ್ನು ಹಸಿಮೆಣಸಿನಕಾಯಿ, ತೊಗರಿಬೇಳೆ, ಒಂದು ಹಿಡಿ ಜೋಳದ ನುಚ್ಚಿನ ಜೊತೆ ಮೆತ್ತಗೆ ಕುದಿಸಿ, ಮಸೆದು, ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟರೆ ಅವ್ವನ ಪಲ್ಯ. ಅಣ್ಣ ಅರ್ಧ ರೊಟ್ಟಿ ಮುಗಿಸಿದ ಮೇಲೆ ಅವ್ವ ವಿಷಯ ಹೇಳಿದಳು. ಸುತ್ತಿ ಬಳಸಿ ಅಲ್ಲ, ನೇರವಾಗಿ: “ನಾನು ಮೇಸ್ತ್ರೀನ ಮದುವಿ ಆಗಾಕಿ ಪಂಪಾ.”

ಅಣ್ಣನ ಕೈ ತಟ್ಟೆಯಲ್ಲೇ ನಿಂತಿತು. “ಈ ವಯಸ್ಸಿಗಾ? ತಲಿ ಕೆಟ್ಟೈತೇನು ನಿನಗ? ಇವಳ ಮದುವಿ ಮಾಡಬೇಕು ನಾವು. ನಾಳೆ ಈ ರೇಣುಕಾನ ಯಾರು ಮಾಡ್ಕೋತಾರ?”

“ನನ್ನ ಮಾಡ್ಕೊಳ್ಳೋನು ನನ್ನ ನೋಡಿ ಮಾಡ್ಕೊಳ್ಳಿ. ನಮ್ಮವ್ವನ ಕೊಳ್ಳಾಗಿನ ತಾಳಿ ಎಣಿಸೋನು ನನಗ ಬ್ಯಾಡ,” ಅಂದೆ.

“ನೀ ಬಾಯಿ ಮುಚ್ಚು!” ಅಂದವನೇ ತಟ್ಟೆ ತಳ್ಳಿ ಎದ್ದ. ಪಲ್ಯ ನೆಲಕ್ಕೆ ಚೆಲ್ಲಿತು. ಬಾಗಿಲಲ್ಲಿ ನಿಂತು ತಿರುಗಿ, “ನೀ ಆ ಮನಿಗೆ ಹೋದ್ರ, ಇನ್ನ ಮ್ಯಾಲ ನಿನ್ನ ಕೈಯಾಗಿನ ಊಟ ನನಗ ಮಣ್ಣು,” ಅಂದ.

ಅವ್ವ ಅಳಲಿಲ್ಲ. ಚೆಲ್ಲಿದ್ದನ್ನು ಒರೆಸಿದಳು. ಆದರೆ ಆ ಮಾತು ಆಕೆಯ ಎದೆಯಲ್ಲಿ ಮುಳ್ಳು ಮುರಿದ ಹಾಗೆ ಕೂತಿತು. ಊರೆಲ್ಲ ಬೈದರೂ ಆಕೆಗೆ ಲೆಕ್ಕವಿರಲಿಲ್ಲ; ಮಗ ತನ್ನ ಕೈಯ ಊಟ ಬಿಟ್ಟನಲ್ಲ, ಅದೊಂದೇ ಆಕೆಯನ್ನು ತಿಂದದ್ದು.

ಊರಿನ ವಿಷಯ ಹೇಳುವುದೇ ಬೇಡ. ಗಡಿಗೆ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚೋಕಾಗುತ್ತಾ? ನಮ್ಮೂರಿನ ಬಾಯಿಯಂತೂ ಎರಡು ಭಾಷೆಯಲ್ಲಿ ಆಡುತ್ತದೆ. ಒಬ್ಬಳು ‘ಈ ವಯಸುಲೋ ಪೆಳ್ಳಾ?’ ಅಂತ ತೆಲುಗಿನಲ್ಲಿ ಮೂಗು ಮುರಿದರೆ, ಇನ್ನೊಬ್ಬಳು ‘ಈ ವಯಸ್ಸಿನಾಗ ಮದುವಿಯಾ?’ ಅಂತ ಅದನ್ನೇ ಕನ್ನಡದಲ್ಲಿ ಮುರಿದಳು. ನಾನು ಇಬ್ಬರಿಗೂ ಅವರವರ ಭಾಷೆಯಲ್ಲೇ ಉತ್ತರ ಕೊಟ್ಟೆ. ಅಪ್ಪನ ಅಕ್ಕ, ನಮ್ಮ ದುರುಗಮ್ಮತ್ತೆ, ಬೊಮ್ಮನಹಾಳಿನಿಂದ ಬಸ್ಸು ಹತ್ತಿ ಬಂದು ಒಂದು ದಿನ ಪೂರ್ತಿ ಕೂಗಾಡಿದಳು. ಗಂಟಲು ಬತ್ತಿದ ಮೇಲೆ ಸಂಜೆ ಚಹಾ ಕುಡಿಯುತ್ತಾ, ಹೊಸ ರಾಗ ತೆಗೆದಳು.

“ಆಗಾಕಿ ಆದ್ರ ಶಾಸ್ತ್ರಾನರ ಸರಿಯಾಗಿ ಮಾಡ್ಕೋ ಗಂಗಿ. ಅವನ ಸತ್ತ ಹೆಂಡತಿ ಹೆಸರಿಲೆ ಒಂದು ಚಿನ್ನದ ಬಿಲ್ಲಿ ಮಾಡಿಸಿ ತಾಳಿ ಜೋಡಿ ಕಟ್ಕೋಬೇಕು. ಇಲ್ಲಾಂದ್ರ ಆಕಿ ಬಂದು ಕಾಡ್ತಾಳ.”

ನನಗೆ ರೇಗಿತು. “ಅತ್ತೀ, ಸತ್ತ ಹೆಂಡತಿ ಕಾಡಬಾರದು ಅಂದ್ರ ನಮ್ಮವ್ವ ಬಿಲ್ಲಿ ಕಟ್ಕೋಬೇಕು. ಸತ್ತ ಗಂಡ ಕಾಡಬಾರದು ಅಂದ್ರ ಆ ಮೇಸ್ತ್ರಿ ಏನು ಕಟ್ಕೋಬೇಕು?”

“ಗಂಡಸು ಯಾಕ ಕಟ್ಕೋತಾನಲೇ?”

“ಯಾಕ? ನಮ್ಮಪ್ಪ ಅಷ್ಟು ಸಸಾರದೋನಾ? ಆಕಿಗೆ ಚಿನ್ನ, ನಿನ್ನ ತಮ್ಮಗ ಏನೂ ಇಲ್ಲ?”

ಅತ್ತೆ ಚಹಾದ ಲೋಟ ಕೆಳಗಿಟ್ಟು ನನ್ನನ್ನೇ ನೋಡಿದಳು. ತಮ್ಮನ ಪರವಾಗಿ ಜಗಳಕ್ಕೆ ಬಂದವಳಿಗೆ ಆ ಪ್ರಶ್ನೆ ಹೊಳೆದೇ ಇರಲಿಲ್ಲ. ಅವ್ವ ಮಾತ್ರ ಮೆತ್ತಗೆ, “ಆಕಿ ಮನಿಗೆ ಹೊಂಟೀನಿ. ಆಕಿ ಹೆಸರು ಕೊಳ್ಳಾಗ ಇದ್ರ ನನಗೇನು ಭಾರ ಆಗತೈತಿ? ಕಟ್ಕೋತೀನಿ,” ಅಂದಳು.

ಆಷಾಢ ಹುಟ್ಟುವ ಮುಂಚೆ, ಗುಡಿಬಂಡೆ ಕಡೆಯ ಒಂದು ಆಂಜನೇಯನ ಗುಡಿಯಲ್ಲಿ ಮದುವೆಯಾಯಿತು. ಸುತ್ತಲ ಹೊಲಗಳಲ್ಲಿ ಶೇಂಗಾ ಬಿತ್ತನೆ ನಡೆದಿತ್ತು, ಹಸಿ ಮಣ್ಣಿನ ವಾಸನೆ. ನಮ್ಮ ಕಡೆಯಿಂದ ನಾನೊಬ್ಬಳೇ. ಅವ್ವನ ಬೆರಳ ಸಂದಿಯ ನೀಲಿಯ ಮೇಲೆ ಅರಿಶಿಣ ಹತ್ತಿ ಹಸಿರಾಗಿತ್ತು. ಮೇಸ್ತ್ರಿ ತಾಳಿ ಕಟ್ಟಿದರು, ಜೊತೆಗೆ ಲಕ್ಕಮ್ಮನ ಬಿಲ್ಲೆ. ಮುಗಿದ ಮೇಲೆ ನಾನು ಬಿಡಲಿಲ್ಲ. ಎಲ್ಲರ ಎದುರಿಗೇ ಕೇಳಿದೆ: “ಮೇಸ್ತ್ರಿ, ನಮ್ಮವ್ವ ನಿಮ್ಮ ಮನಿಯಾಕಿ ಹೆಸರು ಕಟ್ಕೊಂಡ್ಳು. ನಮ್ಮಪ್ಪನ ಹೆಸರಿಲೆ ನೀವೇನು ಕಟ್ಕೋತೀರಿ?”

ಪೂಜಾರಿ ಕೆಮ್ಮಿದ. ಮೇಸ್ತ್ರಿ ತಲೆ ಕೆರೆದುಕೊಂಡು, “ನ್ಯಾಯವಾದ ಮಾತೇ ಕೇಳ್ದೆ ಕಣಮ್ಮ. ಯೋಚ್ನೆ ಮಾಡ್ತೀನಿ, ಟೈಮ್ ಕೊಡು,” ಅಂದರು.

ಆ ಮಳೆಗಾಲ ನಾನು ರಾಯದುರ್ಗದಲ್ಲಿ ಅಣ್ಣನ ಮನೆಯಲ್ಲೇ ಇದ್ದೆ. ಹೋಗು ಅಂದರೂ ಹೋಗುತ್ತಿರಲಿಲ್ಲ. ಅದು ನಮ್ಮಪ್ಪನ ಮನೆಯೂ ಹೌದು. ಆಷಾಢದ ಗಾಳಿ ಓಣಿಯ ಧೂಳನ್ನೆಲ್ಲ ತಂದು ಹೊಲಿದ ಪ್ಯಾಂಟಿನ ಮೇಲೆ ಸುರಿಯುತ್ತಿತ್ತು. ಬಿಡುವಾದಾಗ ಎರಡು ಬಸ್ಸು ಬದಲಿಸಿ ಮಡಕಶಿರಕ್ಕೆ ಹೋಗುತ್ತಿದ್ದೆ. ಅಲ್ಲಿ ಅವ್ವ ಬೆಟ್ಟದ ಕೆಳಗಿನ ಸಣ್ಣ ಮನೆಯಲ್ಲಿ, ಹಿತ್ತಲಲ್ಲಿ ಪುಂಡಿಸೊಪ್ಪು ಬಿತ್ತಿಕೊಂಡು, ಪಕ್ಕದ ಹೆಂಗಸರ ಹತ್ತಿರ ಗಂಟಿಲ್ಲದ ಮುದ್ದೆ ಕಲಿಯುತ್ತಿದ್ದಳು. ಮೈ ಸ್ವಲ್ಪ ತುಂಬಿತ್ತು. ನಾನು ಹೊರಟಾಗ ಪ್ರತಿ ಸಲ ಸ್ಟೀಲ್ ಕ್ಯಾರಿಯರ್ ತುಂಬ ಪುಂಡಿಪಲ್ಯ ಕಟ್ಟುವಳು. “ಪಂಪಾ ತಿಂದ್ರ ತಿನ್ಲಿ, ಬಿಟ್ರ ಬಿಡ್ಲಿ. ನಾ ಕಳಿಸೋದು ಬಿಡಂಗಿಲ್ಲ,” ಅನ್ನುವಳು.

ಅವನು ತಿನ್ನುತ್ತಿರಲಿಲ್ಲ. ನಾನೂ ಕಡಿಮೆಯವಳಲ್ಲ. ಅವನು ಊಟಕ್ಕೆ ಕೂತಾಗಲೇ ಎದುರಿಗೆ ಕ್ಯಾರಿಯರ್ ಬಿಚ್ಚಿ, ರೊಟ್ಟಿ ಮುರಿದು, ಪಲ್ಯ ಎತ್ತಿ, ಚಪ್ಪರಿಸಿ ತಿನ್ನುತ್ತಿದ್ದೆ. ಬೆರಳು ನೆಕ್ಕುತ್ತಿದ್ದೆ. ಅವನು ತಲೆ ತಗ್ಗಿಸಿ ಹೋಟೆಲಿನಿಂದ ತಂದ ಸಾಂಬಾರು ಕಲಸುತ್ತಿದ್ದ. ಅತ್ತಿಗೆ ನೀಲಾ ಅವನು ಅಂಗಡಿಗೆ ಹೋದ ಮೇಲೆ ಕ್ಯಾರಿಯರಿನ ತಳ ಬಳಿದು ತಿಂದು, “ಅತ್ತಿ ಕೈಯಿ ಕೈಯವ್ವ,” ಅಂತ ನಿಟ್ಟುಸಿರು ಬಿಡುವಳು.

ಹಿರಿಯರ ಹಬ್ಬ ಬಂತು. ಮಹಾಲಯ ಅಮಾವಾಸ್ಯೆಯ ದಿನ ಸತ್ತವರ ಫೋಟೋದ ಮುಂದೆ ಅವರಿಗೆ ಪ್ರೀತಿಯಾದದ್ದನ್ನು ಅಡುಗೆ ಮಾಡಿ ಎಡೆ ಇಡುತ್ತೇವೆ. ಮಾಡುವವರು ಉಪ್ಪುಹುಳಿಯ ರುಚಿ ನೋಡುವ ಹಾಗಿಲ್ಲ, ಮೊದಲ ತುತ್ತು ಹಿರಿಯರದು. ಪ್ರತಿ ವರ್ಷ ಅಪ್ಪನಿಗೆ ರೊಟ್ಟಿ, ಪುಂಡಿಪಲ್ಯ ಮಾಡುತ್ತಿದ್ದವಳು ಅವ್ವ. ಈ ಸಲ ಅಣ್ಣ ಮುಂಚೆಯೇ ಹೇಳಿಬಿಟ್ಟ: “ಆಕಿ ಬರಂಗಿಲ್ಲ. ನೀಲಾ ಮಾಡ್ತಾಳ.” ನಾನು ಫೋನಿನಲ್ಲಿ ಅವ್ವನಿಗೆ ತಿಳಿಸಿದೆ. ಆಕೆ, “ಆತು ಬಿಡು. ಅವರ ಸಣ್ಣ ಫೋಟೋ ನನ್ನ ಹತ್ರ ಐತಿ. ನಾ ಇಲ್ಲೇ ಇಡ್ತೀನಿ. ನನ್ನ ಗಂಡಗ ನಾ ಎಡಿ ಇಡಾಕ ಯಾರನ್ನೂ ಕೇಳಬೇಕಾಗಿಲ್ಲ,” ಅಂದಳು.

ಆ ಮಾತನ್ನು ಅಮಾವಾಸ್ಯೆಯ ಬೆಳಿಗ್ಗೆ ಅಣ್ಣನ ಕಿವಿಗೆ ಹಾಕಿದವಳು ನಾನೇ. ಬೇಕೆಂದೇ ಹಾಕಿದೆ. ಅವನು ಕುದ್ದುಹೋದ. “ಅವನ ಮನ್ಯಾಗ, ಅವನ ಅನ್ನದಾಗ, ನಮ್ಮಪ್ಪಗ ಎಡಿಯಾ? ಫೋಟೋ ಕಿತ್ಕೊಂಡು ಬರ್ತೀನಿ, ನೋಡ್ತಿರು,” ಅಂದವನೇ ಅಂಗಿ ತೊಟ್ಟ. ನೀಲಾಗೆ, “ನೀ ಅಡಿಗಿ ಮಾಡಿಡು, ಸಂಜಿಕ ಬಂದು ಇಡ್ತೀನಿ,” ಅಂದ. ನಾನೂ ಹಿಂದೆಯೇ ಬಸ್ಸು ಹತ್ತಿದೆ. ಕಿಟಕಿಯಾಚೆ ಶೇಂಗಾ ಹೊಲಗಳು ಹಸಿರಾಗಿದ್ದವು, ಜಿಟಿಜಿಟಿ ಮಳೆ ಹಿಡಿದಿತ್ತು.

ಮಡಕಶಿರದ ಮನೆ ಮುಟ್ಟಿದಾಗ ಬಾಗಿಲು ಮುಚ್ಚಿತ್ತು. ಅವ್ವ, ಮೇಸ್ತ್ರಿ ಇಬ್ಬರೂ ಸೂರಿನ ಕೆಳಗೆ ಜಗಲಿಯ ಮೇಲೆ ಸುಮ್ಮನೆ ಕೂತಿದ್ದರು. ಅಣ್ಣ ಅವರತ್ತ ನೋಡಲೂ ಇಲ್ಲ. ಚಪ್ಪಲಿ ಸಮೇತ ಜಗಲಿ ಹತ್ತಿ ಬಾಗಿಲಿಗೆ ಕೈ ಚಾಚಿದ.

“ಕೈ ತಗಿ ಪಂಪಾ,” ಅಂದಳು ಅವ್ವ. ಕೂತಲ್ಲಿಂದ ಏಳಲಿಲ್ಲ. “ಒಳಗ ನಿಮ್ಮಪ್ಪ ಉಣ್ಣಾಕ ಕುಂತಾನ.”

ಅಣ್ಣನ ಕೈ ಗಾಳಿಯಲ್ಲೇ ನಿಂತಿತು. ಎಡೆ ಇಟ್ಟು ಧೂಪ ಹಾಕಿದ ಮೇಲೆ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬಂದು ಕೂರಬೇಕು, ಹಿರಿಯರು ಬಂದು ನೆಮ್ಮದಿಯಾಗಿ ಉಂಡು ಹೋಗಲಿ ಅಂತ. ನಡುವೆ ಬಾಗಿಲು ತೆಗೆದರೆ ಹಸಿದವರನ್ನು ಎಲೆಯ ಮುಂದಿನಿಂದ ಎಬ್ಬಿಸಿದ ಪಾಪ. ಸಿಟ್ಟು ಎಷ್ಟೇ ಇರಲಿ, ಅಪ್ಪನ ಊಟ ಕೆಡಿಸುವ ಧೈರ್ಯ ಅವನಿಗಿರಲಿಲ್ಲ. ಮೆಲ್ಲಗೆ ಕೈ ಕೆಳಗಿಳಿಸಿದ. ಚಪ್ಪಲಿ ಕಳಚಿ ಅಂಗಳದಲ್ಲಿಟ್ಟ. ಕೂರಲು ಇದ್ದದ್ದು ಮೇಸ್ತ್ರಿಯ ಪಕ್ಕದ ಜಾಗವೊಂದೇ. ಮಳೆಯಲ್ಲಿ ನಿಲ್ಲಲಾರದೆ ಅಲ್ಲೇ ಕೂತ.

ನಾಲ್ವರೂ ಕೂತೆವು. ಸೂರಿನ ನೀರು ತೊಟ್ಟಿಕ್ಕುತ್ತಿತ್ತು. ಬಾಗಿಲ ಸಂದಿಯಿಂದ ಬೆಳ್ಳುಳ್ಳಿ ಒಗ್ಗರಣೆಯ, ಪುಂಡಿಯ ವಾಸನೆ. ಅಣ್ಣ ಬಾಯಲ್ಲೂರಿದ ನೀರು ನುಂಗಿದ್ದನ್ನು ನಾನು ಕಂಡೆ. ಅವ್ವನೂ ಕಂಡಿರಬೇಕು, ಮುಖ ಆಚೆ ತಿರುಗಿಸಿದಳು.

ಕೊನೆಗೆ, “ಹಿರೇಮಗ ಬಂದೀಯಲ್ಲ, ನೀನ ಬಾಗ್ಲಾ ತಗಿ,” ಅಂದಳು. ಅಣ್ಣ ಎದ್ದು, ಪದ್ಧತಿಯಂತೆ ಕದದ ಮೇಲೆ ಮೂರು ಸಲ ತಟ್ಟಿ ತೆಗೆದ.

ಗೋಡೆಗೆ ಎರಡು ಫೋಟೋ, ಒಂದೇ ಅಳತೆಯ ಹೂವಿನ ಹಾರ. ಒಂದರಲ್ಲಿ ಲಕ್ಕಮ್ಮ, ಮುಂದೆ ಎಲೆಯಲ್ಲಿ ಮುದ್ದೆ, ಉಪ್ಪುಸಾರು. ಒಂದರಲ್ಲಿ ಅಪ್ಪ, ಮುಂದೆ ಪುಂಡಿಪಲ್ಯ ಮತ್ತು ರೊಟ್ಟಿ. ಅದನ್ನು ರೊಟ್ಟಿ ಅನ್ನಬೇಕಾದರೆ ದೊಡ್ಡ ಮನಸ್ಸು ಬೇಕು. ಒಂದು ಕಡೆ ದಪ್ಪ, ಒಂದು ಕಡೆ ತೂತು, ಅಂಚು ನಾಯಿ ಕಚ್ಚಿದ ಹಾಗೆ.

“ಇದ್ಯಾರು ಬಡಿದಿದ್ದು?” ಅಂದ ಅಣ್ಣ, ಸಿಟ್ಟು ಮರೆತು.

“ನಾನೇ ಕಣಪ್ಪ,” ಅಂದರು ಮೇಸ್ತ್ರಿ, ಹಿಂದೆ ನಿಂತು. ಅವರ ಬೆರಳ ತುದಿಗಳಲ್ಲಿ ಸುಟ್ಟ ಗುಳ್ಳೆಗಳಿದ್ದವು. “ನಿನ್ನ ತಂಗಿ ಮದ್ವೆ ದಿನ ಕೇಳಿದ್ಲು, ನಮ್ಮಪ್ಪನ ಹೆಸರಲ್ಲಿ ಏನು ಕಟ್ಕಂತೀರಾ ಅಂತ. ಗಂಡಸ್ರಿಗೆ ಕಟ್ಕಳ್ಳಾಕೆ ಏನೂ ಇಟ್ಟಿಲ್ಲ ನಮ್ಮೋರು. ಅದುಕ್ಕೇ ರೊಟ್ಟಿ ತಟ್ಟಾದು ಕಲ್ತೆ. ಅವರ ಎಡೆಗೆ ರೊಟ್ಟಿ ನಂದು, ಲಕ್ಕಮ್ಮನ ಎಡೆಗೆ ಮುದ್ದೆ ನಿಮ್ಮವ್ವಂದು. ಬದುಕಿರಗಂಟ ಹಿಂಗೇ. ಉಣ್ಣಂಗಿದ್ರೆ ಉಣ್ಲಿ ಆ ಪುಣ್ಯಾತ್ಮ, ಇಲ್ದಿದ್ರೆ ಬೈಲಿ.”

ಅಣ್ಣ ಬಗ್ಗಿ ಆ ರೊಟ್ಟಿಯ ಅಂಚು ಮುಟ್ಟಿ ನೋಡಿದ. “ಬೈದಿರ್ತಾನ,” ಅಂದ. “ಹಿಂಥಾ ರೊಟ್ಟಿಗೆ ನಮ್ಮಪ್ಪ ಬೈದೇ ಬೈದಿರ್ತಾನ.”

“ಬೈಕೋಂತನ ಉಂಡಿರ್ತಾನ ಬಿಡು, ನನಗ ಗೊತ್ತಿಲ್ಲೇನು ಅವರ ಬುದ್ಧಿ,” ಅಂದಳು ಅವ್ವ.

ಅಪ್ಪನ ಎಡೆ ಮಗನೇ ಉಣ್ಣಬೇಕು, ಅದೂ ಪದ್ಧತಿ. ಅಣ್ಣ ಗೋಡೆಗೆ ಮುಖಮಾಡಿ ಕೂತು ಆ ಎಲೆಯಲ್ಲಿದ್ದದ್ದನ್ನೆಲ್ಲ ಉಂಡ. ತೂತು ರೊಟ್ಟಿಯನ್ನು ಕಷ್ಟಪಟ್ಟು ಅಗಿದು ಉಂಡ. ಅದರಲ್ಲಿ ಅ‍ವನು ಸೋತ ಹಾಗೇನೂ ಇಲ್ಲ; ಅದು ಅಪ್ಪನ ಪ್ರಸಾದ, ಅವ್ವನ ಊಟವಲ್ಲ. ನಾನು ಕದಕ್ಕೊರಗಿ ನೋಡುತ್ತಿದ್ದೆ. ಎಲೆ ಖಾಲಿಯಾಯಿತು. ಅವನು ಏಳಲಿಲ್ಲ. ಎಲೆಯನ್ನು ಬೆರಳಿನಿಂದ ಒಂದಿಷ್ಟು ಮುಂದಕ್ಕೆ ತಳ್ಳಿದ.

ಅವ್ವ ಪಲ್ಯದ ಗಡಿಗೆ ತಂದಳು. ಸೌಟು ಎತ್ತಿ ಹಾಗೇ ಹಿಡಿದು ನಿಂತಳು. “ಇಷ್ಟೊತ್ತು ಉಂಡಿದ್ದು ನಿಮ್ಮಪ್ಪನ ಎಡಿ. ಇದು ನನ್ನ ಗಡಿಗ್ಯಾಗಿಂದು. ಮದುವಿ ಆಗೀನಿ, ಇನ್ನ ಮ್ಯಾಲೂ ಈ ಮನ್ಯಾಗ ಇರಾಕಿ. ಇದು ಮಣ್ಣು ಅಂದಿದ್ದಿ, ನೆನಪೈತಲ್ಲ?”

ಅಣ್ಣ ತಲೆ ಎತ್ತಲಿಲ್ಲ. “ಉಪ್ಪು ಕಮ್ಮಿ ಆಗೇತಿ,” ಅಂದ. “ಉಪ್ಪು ಕಲಸಿ ಹಾಕವ್ವ.”

ಅವ್ವ ಉಪ್ಪು ಕಲಸಿ ಹಾಕಿದಳು. ಮತ್ತೆ ಹಾಕಿದಳು. ಕಣ್ಣೊರೆಸಿಕೊಳ್ಳಲು ಆಕೆಗೆ ಕೈ ಬಿಡುವಾಗಲಿಲ್ಲ.

ಫೋಟೋ ಆ ಗೋಡೆಯಲ್ಲೇ ಉಳಿಯಿತು, ಇವತ್ತಿಗೂ ಇದೆ. ಸಂಜೆ ನೀಲಾ ಕಾಯುತ್ತಿರುತ್ತಾಳೆ ಅಂತ ನಾವಿಬ್ಬರೂ ಬಸ್ಸು ಹತ್ತಿದೆವು. ಕ್ಯಾರಿಯರ್ ಅಣ್ಣನ ತೊಡೆಯ ಮೇಲಿತ್ತು. ಬಸ್ಸು ಕುಲುಕಾಡುವಾಗ, “ಕೊಡು, ನಾ ಹಿಡ್ಕೋತೀನಿ,” ಅಂದೆ.

“ಬ್ಯಾಡ,” ಅಂದ ಅವನು, ಎರಡೂ ಕೈಯಿಂದ ತಬ್ಬಿಕೊಂಡು. “ಈ ಮಳಿಗಾಲ ಪೂರ್ತಿ ನೀನ ತಿಂದೀ.”